ಕಂಬಳಿ ಕುಡಿದ ಮದ್ದು

ಸೇಲಂ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ನೇರವಾಗಿ ಕೇಳಿದ ಪ್ರಶ್ನೆ, "ಎಷ್ಟು ಕುಡಿದೆ?" ಅಂತ. ಹೆಂಡದ ಮಾತಲ್ಲ. ಹೊಲದಲ್ಲಿ ಕಳೆ ಸಾಯಲಿ ಎಂದು ಹೊಡೆಯುತ್ತೇವಲ್ಲ, ಆ ಮದ್ದಿನ ಮಾತು. ಕುಡಿದಿಲ್ಲ ಅಂದೆ. ಅವರು ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ನನ್ನ ಮುಖ ನೋಡಿದಳು. ಬೆನ್ನಿನ ತುಂಬ ಹುಣ್ಣು ಹೊತ್ತುಕೊಂಡು ಕೂತಿದ್ದ ನನಗೆ ಆ ಹುಣ್ಣಿಗಿಂತ ಅವಳ ನೋಟವೇ ಹೆಚ್ಚು ಉರಿಯಿತು.

ಈಗ ನಾನು ಚೆನ್ನಾಗಿದ್ದೇನೆ. ಕುರಿಗಳ ಹಿಂದೆ ಹೋಗುತ್ತೇನೆ, ಎರಡು ಹೊತ್ತು ಮುದ್ದೆ ಉಣ್ಣುತ್ತೇನೆ, ಬೇಕಾದಾಗ ಜಗಳವನ್ನೂ ಆಡುತ್ತೇನೆ. ಅಂದು ಆ ವಾರ್ಡಿನಲ್ಲಿ ಮಲಗಿದ್ದಾಗ, ನಿನ್ನಂಥವನೇ ಒಬ್ಬ ಬಂದಿದ್ದ, ಬದುಕಿ ಮನೆಗೆ ಹೋದ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ನನಗೆಷ್ಟೋ ಧೈರ್ಯ ಬರುತ್ತಿತ್ತು. ಯಾರೂ ಹೇಳಲಿಲ್ಲ. ಅದಕ್ಕೇ ನಾನು ಹೇಳಲು ಕೂತಿದ್ದೇನೆ.

ನನ್ನ ಹೆಸರು ಮಾದೇಶ. ನಮ್ಮದು ಸೇಲಂ ಕಡೆಯ ನಂಗವಳ್ಳಿ ಪಕ್ಕದ ಹಳ್ಳಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಚಿಕ್ಕವನಿದ್ದಾಗ ಕೊಳ್ಳೇಗಾಲದ ಕಡೆ ಸೋದರತ್ತೆ ಮನೆಯಲ್ಲಿ ಇದ್ದು ಓದಿದ್ದರಿಂದ ನನಗೆ ಕನ್ನಡದ ಅಕ್ಷರ ಗೊತ್ತು. ಸೇಲಮಿನಲ್ಲಿ ಕಾಲೇಜು ಓದುವ ನನ್ನ ಮಗಳು ಕೌಸಲ್ಯಳಿಗೆ ಗೊತ್ತಿಲ್ಲ. ನಾನು ಬರೆಯುವುದನ್ನು ನೋಡಿ, "ಎನ್ನಪ್ಪಾ ಇದು, ಜಿಲೇಬಿ ಸುತ್ತಿದಂಗೈತೆ" ಎಂದು ನಗುತ್ತಾಳೆ. ನಗಲಿ. ಅವಳು ಹಟ ಹಿಡಿಯದೆ ಹೋಗಿದ್ದರೆ ನಾನು ಇದನ್ನು ಬರೆಯಲು ಉಳಿಯುತ್ತಿರಲಿಲ್ಲ.

ಕುರಿ ನಮ್ಮ ಹಿರಿಯರಿಂದ ಬಂದ ಕಸುಬು. ಜೊತೆಗೆ ಒಂದು ತುಂಡು ಹೊಲ, ಅದರಲ್ಲಿ ಮರಗೆಣಸು. ಸಬ್ಬಕ್ಕಿ ಮಾಡುತ್ತಾರಲ್ಲ, ಆ ಗೆಣಸು. ಆ ವರ್ಷ ಮಳೆ ಚೆನ್ನಾಗಿ ಬಂದು ಗೆಣಸಿಗಿಂತ ಕಳೆಯೇ ಮೊದಲು ಎದ್ದು ನಿಂತಿತು. ಕಳೆ ಕೀಳಲು ಆಳು ಸಿಗಲಿಲ್ಲ. ಎಲ್ಲರೂ ಮಾಡುವ ಹಾಗೆ ನಾನೂ ಅಂಗಡಿಯಿಂದ ಮದ್ದು ತಂದೆ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರನ್ನು ಪಕ್ಕದ ಹೊಲದವರಿಂದ ಎರವಲು ತಂದೆ. ಅದರ ಮುಚ್ಚಳದ ವಾಷರ್ ಹರಿದಿತ್ತು, ಬಗ್ಗಿದರೆ ತೊಟ್ಟು ತೊಟ್ಟಾಗಿ ಸುರಿಯುತ್ತಿತ್ತು. ಡಬ್ಬದ ಅಂಚು ಬೇರೆ ಬೆನ್ನುಮೂಳೆಗೆ ಒತ್ತುತ್ತಿತ್ತು. ಅದಕ್ಕೆ ಅಂಗಿ ಬಿಚ್ಚಿಟ್ಟು, ಕಂಬಳಿಯನ್ನು ಮಡಿಚಿ ಬೆನ್ನಿಗೆ ಹಾಕಿಕೊಂಡು, ಅದರ ಮೇಲೆ ಡಬ್ಬ ಹೊತ್ತೆ.

ಕಂಬಳಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕುರಿ ಕಾಯುವ ನಮ್ಮವರಿಗೆ ಅದು ಬಟ್ಟೆಯಲ್ಲ. ಮಳೆ ಬಂದರೆ ತಲೆ ಮೇಲೆ ಕೊಪ್ಪೆ, ಬಿಸಿಲಾದರೆ ನೆರಳು, ಹಟ್ಟಿಯಲ್ಲಿ ಮಲಗಿದರೆ ಹಾಸಿಗೆ. ಮದುವೆಯಲ್ಲಿ ಗಂಡು ಹೆಣ್ಣು ಕೂರುವುದು ಅದರ ಮೇಲೆ, ಹಬ್ಬದಲ್ಲಿ ದೇವರನ್ನು ಇಳಿಸುವುದೂ ಅದರ ಮೇಲೆ. ನಮ್ಮಲ್ಲಿ ಒಬ್ಬನ ಮಾತು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಕಂಬಳಿ ಮುಟ್ಟಿ ಹೇಳು ಅನ್ನುತ್ತೇವೆ. ನನ್ನದು ಅಪ್ಪ ಹೊದ್ದುಕೊಳ್ಳುತ್ತಿದ್ದ ಕರಿ ಕಂಬಳಿ. ನಮ್ಮ ಕುರಿಗಳ ಉಣ್ಣೆಯನ್ನೇ ಅವ್ವ ಕೈಯಾರೆ ನೂತು ನೇಯಿಸಿದ್ದು. ಮಳೆಯನ್ನೇ ಒಳಗೆ ಬಿಡದ ಕಂಬಳಿ ಈ ನಾಲ್ಕು ತೊಟ್ಟು ಮದ್ದನ್ನು ಬಿಡುತ್ತದೆಯೇ ಅಂದುಕೊಂಡೆ. ಮಳೆ ಮೇಲಿಂದ ಜಾರಿ ಹೋಗುತ್ತದೆ. ತುಂಬಿದ ಡಬ್ಬ ಮೇಲೆ ಕೂತು ಒತ್ತಿದರೆ ಉಣ್ಣೆ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ನಾಲ್ಕೈದು ದಿನ ಹೀಗೆ ಮದ್ದು ಹೊಡೆದೆ. ಸಂಜೆ ಕಂಬಳಿಯನ್ನು ಬೇಲಿಯ ಮೇಲೆ ಹರವಿ ಆರಿಸುವುದು, ಆಮೇಲೆ ಅದನ್ನೇ ಹೊದ್ದು ಹಟ್ಟಿಯಲ್ಲಿ ಮಲಗುವುದು. ಆ ದಿನಗಳಲ್ಲೇ ಚುಕ್ಕಿ ಎಂಬ ನಮ್ಮ ಕುರಿ ಮೇಯುವ ಕಡೆ ಮರಿ ಹಾಕಿತು. ಮರಿಯನ್ನು ಎಲ್ಲ ಕುರಿಗಾರರೂ ತರುವ ಹಾಗೆ ಕಂಬಳಿಯೊಳಗೆ ಸುತ್ತಿ ಎದೆಗವಚಿಕೊಂಡು ಮನೆಗೆ ತಂದೆ. ಚುಕ್ಕಿ ದಾರಿಯುದ್ದಕ್ಕೂ ಮರಿಯನ್ನೂ ಕಂಬಳಿಯನ್ನೂ ನೆಕ್ಕುತ್ತಾ ಬಂತು. ಮರಿ ಮೊಲೆ ಹಿಡಿಯಲಿಲ್ಲ, ಬಾಯಿ ಕೆಂಪಗಾಗಿ ಸತ್ತುಹೋಯಿತು. ಚೊಚ್ಚಲ ಮರಿ, ಬಲವಿರಲಿಲ್ಲ ಅಂದಳು ಅವ್ವ. ನಾವೂ ಹಾಗೇ ಅಂದುಕೊಂಡೆವು.

ಅಷ್ಟರಲ್ಲಿ ನನ್ನ ಬೆನ್ನು ಕೆಂಪಾಗಿ, ಗುಳ್ಳೆ ಎದ್ದು, ಗುಳ್ಳೆ ಒಡೆದು ನೀರು ಸೋರತೊಡಗಿತು. ಅವ್ವ ದೀಪ ಹಿಡಿದು ನೋಡಿ, "ಸರ್ಪಸುತ್ತು ಕಣ್ಲಾ ಇದು. ಡಾಕ್ಟ್ರತ್ರ ಓಗ್ಬ್ಯಾಡ, ಸೂಜಿ ಆಕುದ್ರೆ ಕೆಟ್ಟೋಯ್ತದೆ" ಅಂದಳು. ನಮ್ಮ ಕಡೆ ಸರ್ಪಸುತ್ತು ಎದ್ದರೆ ಕುಂಬಾರರ ಮನೆಗೆ ಹೋಗುತ್ತೇವೆ. ಅವರು ಕೆಮ್ಮಣ್ಣು ಕಲಸಿ ಹುಣ್ಣಿನ ಮೇಲೆ ಸಿಂಹದ ಚಿತ್ರ ಬರೆಯುತ್ತಾರೆ. ಸಿಂಹ ಹುಣ್ಣನ್ನು ತಿಂದು ಹಾಕುತ್ತದೆಯಂತೆ. ನನ್ನ ಬೆನ್ನಿನ ಮೇಲೂ ಒಂದು ಸಿಂಹ ಬಂದು ಕೂತಿತು. ಬಾಲ ಸೊಂಟದ ತನಕ ಇತ್ತು ಎಂದು ಹೆಂಡತಿ ಪಾಪಮ್ಮ ಹೇಳಿದಳು. ತಣ್ಣಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಮೇಲೆ ಮತ್ತೆ ಅದೇ ಕಂಬಳಿ ಹೊದ್ದು ಮಲಗಿದೆ.

ಆಮೇಲೆ ಗಂಟಲು ಕಟ್ಟಿತು. ಉಂಡದ್ದು ನಿಲ್ಲಲಿಲ್ಲ. ಉಚ್ಚೆ ಕಡಿಮೆಯಾಯಿತು, ಕಾಲು ಊದಿತು. ರಜಕ್ಕೆ ಬಂದ ಕೌಸಲ್ಯ ನನ್ನನ್ನು ನೋಡಿದವಳೇ ಅಜ್ಜಿಯ ಮೇಲೆ ಕೂಗಾಡಿ ಆಂಬುಲೆನ್ಸಿಗೆ ಫೋನ್ ಮಾಡಿದಳು. "ಸಿಂಗಮೂ ಬೇಡ, ಪುಲಿಯೂ ಬೇಡ, ಗಾಡಿ ಹತ್ತಪ್ಪಾ!" ಎಂದು ಗದರಿದಳು.

ಹೀಗೆ ನಾನು ಸೇಲಂ ಸೇರಿದ್ದು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ನನ್ನನ್ನು ಕವುಚಿ ಮಲಗಿಸಿ ಅಂಗಿ ಎತ್ತಿದರು. "ಇವರು ಯಾರು?" ಎಂದು ಸಿಂಹವನ್ನು ತೋರಿಸಿ ಕೇಳಿದರು. ಅಷ್ಟು ಸಂಕಟದಲ್ಲೂ ಪಾಪಮ್ಮನಿಗೆ ನಗು ಬಂದುಬಿಟ್ಟಿತು. ಆಮೇಲೆ ರಕ್ತ ತೆಗೆದರು, ಮೈಗೆ ಕಳೆಯ ಮದ್ದು ಸೇರಿದ್ದೂ ಕಿಡ್ನಿ ಕೆಟ್ಟದ್ದೂ ಅದರಲ್ಲಿ ತಿಳಿಯಿತು. ಆಗಲೇ ಬಂದದ್ದು ನಾನು ಮೊದಲು ಹೇಳಿದ ಪ್ರಶ್ನೆ.

ಮದ್ದು ಹೊಡೆದದ್ದನ್ನು ಹೇಳಿದೆ. ಡಬ್ಬ ಸೋರಿದ್ದನ್ನೂ ಹೇಳಿದೆ.

"ಏನು ಹಾಕಿಕೊಂಡಿದ್ದೆ?"

"ಚಡ್ಡಿ."

"ಅಂಗಿ?"

"ಬಿಚ್ಚಿಟ್ಟಿದ್ದೆ."

"ಬೇರೆ ಬಟ್ಟೆ ಯಾವುದಾದರೂ ಮೈಗೆ ತಾಗಿತ್ತೇ?"

"ಇಲ್ಲ."

ಇದರಲ್ಲಿ ಸುಳ್ಳಿಲ್ಲ. ನೀವು ಯಾವ ಕುರಿಗಾರನನ್ನು ಬೇಕಾದರೂ ಕೇಳಿ, ಬಟ್ಟೆ ಎಂದರೆ ಕಂಬಳಿ ಅವನ ನೆನಪಿಗೇ ಬರುವುದಿಲ್ಲ. ಬರಿ ಬೆನ್ನಿಗೆ ಅಷ್ಟಿಷ್ಟು ಸೋರಿದ್ದಕ್ಕೆ ಕಿಡ್ನಿ ಇಷ್ಟು ಕೆಡುವುದೇ ಎಂದು ಡಾಕ್ಟರಮ್ಮನಿಗೆ ಅನುಮಾನ. ಆ ವಾರ್ಡಿಗೆ ಬರುವವರಲ್ಲಿ ಬಹಳ ಜನ ಕುಡಿದೇ ಬಂದವರು. ಪಕ್ಕದ ಮಂಚದಲ್ಲಿ ಮೊರಪ್ಪೂರಿನ ಹುಡುಗ. ಮನೆಯಲ್ಲಿ ಏನೋ ಮಾತು ಬಂದು ಬಾಟಲಿ ಎತ್ತಿದ್ದನಂತೆ. ಅವನ ತಾಯಿ ಇಡೀ ದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಸಾಯಲೆಂದು ಕುಡಿದ ಆ ಹುಡುಗ ಈಗ ಕಣ್ಣು ಬಿಟ್ಟಾಗಲೆಲ್ಲ ಬದುಕಿಸಿ ಅಂತ ಬೇಡುತ್ತಿದ್ದ.  ಆ ತಾಯಿ ತನ್ನ ಇಡ್ಲಿಯಲ್ಲಿ ಅರ್ಧ ಪಾಪಮ್ಮನಿಗೆ ಕೊಡುತ್ತಿದ್ದಳು. ನೀವು ಯಾವ ಊರು, ಯಾವ ಜನ ಎಂದು ಕೇಳದೆ ಕೊಡುತ್ತಿದ್ದಳು. ಆ ಹುಡುಗನೂ ಕೊನೆಗೆ ಎದ್ದು ಓಡಾಡಿದ ಎಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಅವನ ಚಿಂತೆ ಬೇಡ.

ನನಗೆ ಡಯಾಲಿಸಿಸ್ ಶುರು ಮಾಡಿದರು. ಆ ಯಂತ್ರದ ಪಕ್ಕ ಮಲಗಿ ನನ್ನ ರಕ್ತ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುವುದು ಮೊದಲ ದಿನ ಮಾತ್ರ ಭಯ, ಆಮೇಲೆ ಬೇಜಾರು. ಭಯವಾಗುತ್ತಿದ್ದದ್ದು ಉಸಿರಿನದು. ಹತ್ತು ಮಾತು ಆಡಿದರೆ ಎದುಸಿರು. ಆಚೆ ಮಂಚದವನಿಗೆ ಆಕ್ಸಿಜನ್ ಹಾಕಿದ್ದರು. ನನಗೆ ಏಕಿಲ್ಲ ಎಂದು ಪಾಪಮ್ಮ ನರ್ಸಮ್ಮನ ಜೊತೆ ಜಗಳಕ್ಕೆ ನಿಂತಳು. ಈ ಮದ್ದು ಮೈಯಲ್ಲಿರುವಾಗ ಸುಮ್ಮನೆ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶಕ್ಕೆ ಕೆಡುಕೇ ಹೆಚ್ಚು, ತೀರಾ ಬೇಕಾದರೆ ಮಾತ್ರ ಕೊಡುತ್ತೇವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಪಾಪಮ್ಮ ನಂಬಲಿಲ್ಲ. ಆದರೆ ಜಗಳ ನಿಲ್ಲಿಸಿದಳು.

ವಾರ್ಡಿನ ಫ್ಯಾನ್ ಗಾಳಿಗೆ ನನಗೆ ಚಳಿ ಹತ್ತುತ್ತಿತ್ತು. ಆಸ್ಪತ್ರೆಯ ತೆಳು ಹೊದಿಕೆ ಸಾಲದು. ಅದನ್ನು ನೋಡಲಾರದೆ ಪಾಪಮ್ಮ ತನ್ನ ತಮ್ಮನಿಗೆ ಹೇಳಿ ಊರಿನಿಂದ ಕಂಬಳಿ ತರಿಸಿದಳು. ಹೊರಗಿನ ಹಾಸಿಗೆ ತರಬಾರದು ಎಂದು ನರ್ಸಮ್ಮಂದಿರು ಬೈಯುತ್ತಾರೆ. ಅದಕ್ಕೆ ಡಾಕ್ಟರು ಬರುವ ಹೊತ್ತಿಗೆ ಮಡಿಚಿ ಚೀಲಕ್ಕೆ ಹಾಕಿ ಮಂಚದ ಕೆಳಗೆ ತಳ್ಳುವುದು, ಅವರು ಹೋದ ಮೇಲೆ ತೆಗೆದು ನನಗೆ ಹೊದಿಸುವುದು. "ನಿಂದೇ ಕಂಬ್ಳಿ ಮಾವ, ಮನೆಲಿ ಮಲ್ಗಿದಂಗೆ ಮಲ್ಕೋ" ಅನ್ನುತ್ತಿದ್ದಳು. ನಮ್ಮದು ಸೋದರ ಸಂಬಂಧ, ಅವಳು ನನ್ನನ್ನು ಮಾವ ಅನ್ನುವುದೇ ರೂಢಿ. ಅದನ್ನು ಹೊದ್ದ ಕೂಡಲೇ ಕುರಿ, ಹೊಗೆ, ಮನೆ ಎಲ್ಲ ಮೂಗಿಗೆ ಬಂದು ನನಗೆ ಅಳು ಬಂತು. ಎಷ್ಟು ನೆಮ್ಮದಿಯಾಯಿತು ಎಂದರೆ ಅಂದು ಮೊದಲ ಸಲ ಗಾಢವಾಗಿ ನಿದ್ದೆ ಹೋದೆ.

ಕಿಡ್ನಿ ಎಷ್ಟು ಕೆಟ್ಟಿದೆ ಎಂದು ದಿನಾ ರಕ್ತ ತೆಗೆದು ನೋಡುತ್ತಿದ್ದ ಲೆಕ್ಕ ಇಳಿಯುತ್ತಿದ್ದದ್ದು ಅದಾದ ಮೇಲೆ ಮತ್ತೆ ಏರಿತು. ಬ್ಯಾಂಡೇಜು ಇಲ್ಲದ ಕಡೆ, ಕತ್ತಿನ ಹತ್ತಿರ, ಹೆಗಲ ಮೇಲೆ ಹೊಸ ಹುಣ್ಣು. ಡಾಕ್ಟರಮ್ಮನಿಗೆ ತಲೆ ಕೆಟ್ಟಂತಾಯಿತು. ಇವನು ಇಲ್ಲಿಯೂ ಏನನ್ನೋ ಕದ್ದು ಕುಡಿಯುತ್ತಿದ್ದಾನೆಯೇ ಎಂದು ನನ್ನ ನೀರಿನ ಬಾಟಲಿ ಮೂಸಿ ನೋಡಿದರು, ದಿಂಬಿನ ಕೆಳಗೆ ಹುಡುಕಿಸಿದರು. ಪಾಪಮ್ಮನನ್ನು ಪಕ್ಕಕ್ಕೆ ಕರೆದು, "ಹೀಗೇ ಆದರೆ ಕಷ್ಟ ಅಮ್ಮಾ. ನಿಜ ಹೇಳಿಸು" ಅಂದರು.

ಅವಳು ಬಂದು ನನ್ನ ಮಂಚದ ಪಕ್ಕ ಕೂತಳು. ಊರಲ್ಲಿ ಆಗಲೇ ಮಾದೇಶ ಮದ್ದು ಕುಡಿದನಂತೆ ಎಂಬ ಸುದ್ದಿ ಹಬ್ಬಿತ್ತು. ಕಂಬೈನಲ್ಲೂರಿನ ಹತ್ತಿರ ಅವಳ ತವರಿಗೂ ಅದು ತಲುಪಿ, ನೀನೇನು ಅಂದೆ ಅವನಿಗೆ ಎಂದು ಅವಳನ್ನೇ ಕೇಳಿದ್ದರಂತೆ. ಅವಳು ಚೀಲದಿಂದ ಕಂಬಳಿ ಎಳೆದು ನನ್ನ ತೊಡೆಯ ಮೇಲೆ ಹಾಸಿದಳು.

"ಮುಟ್ಟಿ ಏಳು ಮಾವ. ಕುಡ್ದಿಯಾ?"

"ಇಲ್ಲ ಪಾಪಮ್ಮ."

"ಕಂಬ್ಳಿ ಮುಟ್ಟು."

ಎರಡೂ ಕೈ ಊರಿ, ಈ ಕಂಬಳಿಯಾಣೆ ನಾನು ಕುಡಿದಿಲ್ಲ ಅಂದೆ. ಹೇಳುವಾಗ ಉಸಿರು ಸಾಲದೆ ಎರಡು ತುಂಡು ಮಾಡಿ ಹೇಳಿದೆ. ಅವಳ ಮುಖ ಅಲ್ಲೇ ಸಡಿಲವಾಯಿತು. "ಸಾಕು ಬುಡು. ಇನ್ನ ಯಾರೇನಂದ್ರೂ ನಂಗೆ ಬೇಕಿಲ್ಲ" ಎಂದು ಕಣ್ಣೊರೆಸಿಕೊಂಡು, ಅದೇ ಕಂಬಳಿಯನ್ನು ನನ್ನ ಕತ್ತಿನವರೆಗೂ ಎಳೆದು ಹೊದಿಸಿದಳು.

ಮರುದಿನ ಅವ್ವನ ಫೋನ್ ಬಂತು. ಅವ್ವ ಫೋನಿನಲ್ಲಿ ಮೊದಲು ಕುರಿಗಳ ಕ್ಷೇಮ ಹೇಳುತ್ತಾಳೆ, ಆಮೇಲೆ ಮಗನ ಕ್ಷೇಮ ಕೇಳುತ್ತಾಳೆ. ಪಾಪಮ್ಮ ಸ್ಪೀಕರ್ ಹಾಕಿದ್ದಳು.

"ಚುಕ್ಕಿ ಮೇವೇ ಮುಟ್ತಾ ಇಲ್ಲ ಕಣೆ. ನಾಲಗೆ ಸುಲ್ದೋಗೈತೆ. ಬಾಯೆಲ್ಲ ಉಣ್ಣು."

"ಬೇರೆ ಕುರಿಗೆ?" ಎಂದಳು ಪಾಪಮ್ಮ.

"ಯಾತಕ್ಕೂ ಇಲ್ಲ. ಇದೊಂದಕ್ಕೇ. ಸತ್ತೋಯ್ತಲ್ಲ ಅದ್ರ ಮರಿ, ಅದ್ರ ಬಾಯೂ ಇಂಗೇ ಇತ್ತು."

ಪಾಪಮ್ಮ ಕುರಿ ಹಟ್ಟಿಯಲ್ಲೇ ಹುಟ್ಟಿ ಬೆಳೆದವಳು. ಕುರಿಗೆ ಬಾಯಿಹುಣ್ಣಿನ ರೋಗ ಬಂದರೆ ಮಂದೆಗೆಲ್ಲ ಹತ್ತುತ್ತದೆ, ತಾಯಿ ಮರಿ ಎರಡನ್ನೇ ಆರಿಸಿ ಬರುವುದಿಲ್ಲ. ಅವಳು ಫೋನನ್ನು ಮಂಚದ ಮೇಲೆ ಇಟ್ಟಳು. ಆಮೇಲೆ ನನ್ನತ್ತ ತಿರುಗಿ, "ಮಾವ, ಮರೀನ ಏನ್ರಾಗೆ ಸುತ್ಕಂಡು ಬಂದೆ?" ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ತನ್ನ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಕೆಲವು ದಿನಗಳಿಂದ ಅವಳ ಕೈಯ ಸಿಪ್ಪೆ ಏಳುತ್ತಿತ್ತು. ಆಸ್ಪತ್ರೆಯ ಸೋಪಿನಿಂದ ಇರಬೇಕು ಅಂದುಕೊಂಡಿದ್ದಳು. ದಿನಕ್ಕೆ ಎಷ್ಟು ಸಲ ಆ ಕಂಬಳಿಯನ್ನು ಮಡಿಚಿ ಬಿಚ್ಚಿ ಮಾಡಿದ್ದಳೋ!

"ಅಯ್ಯೋ ಶಿವನೇ" ಎಂದು ಕಿರುಚಿ ಕಂಬಳಿಯನ್ನು ನನ್ನ ಮೈಮೇಲಿಂದ ಕಿತ್ತೆಸೆದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಹಾವು ಹೊಕ್ಕಿತೇ ಎಂದು ಮೊರಪ್ಪೂರಿನ ತಾಯಿ ಓಡಿಬಂದಳು. ಪಾಪಮ್ಮ ಕಂಬಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಡಾಕ್ಟರಮ್ಮನ ಕೋಣೆಗೆ ಹೋಗಿ ಮೇಜಿನ ಮುಂದೆ ಇಟ್ಟಳಂತೆ. ಡಾಕ್ಟರಮ್ಮ ಕೈಗವಸು ಹಾಕಿ ಚೀಲದ ಬಾಯಿ ಬಿಡಿಸಿದರೆ ಮದ್ದಿನ ವಾಸನೆ ಗಪ್ಪೆಂದು ಹೊಡೆಯಿತಂತೆ. ಕುರಿ ವಾಸನೆಯ ಅಭ್ಯಾಸ ಇದ್ದ ನಮ್ಮ ಮೂಗಿಗೆ ಅದು ಬೇರೆಯಾಗಿ ಗೊತ್ತಾಗಿರಲಿಲ್ಲ.

"ಬಟ್ಟೆ ತಾಗಿತ್ತೇ ಎಂದು ಎಷ್ಟು ಸಲ ಕೇಳಿದೆ. ಇದು ಬಟ್ಟೆ ಅಲ್ಲವೇನಮ್ಮಾ?" ಎಂದರಂತೆ ಡಾಕ್ಟರಮ್ಮ.

"ಇದು ಕಂಬ್ಳಿ" ಅಂದಳಂತೆ ನನ್ನ ಹೆಂಡತಿ.

ಮತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೂ ತೊಳೆದರು, ಹಾಸಿಗೆ ಬದಲಿಸಿದರು, ಪಾಪಮ್ಮನ ಕೈಗೂ ಮುಲಾಮು ಕೊಟ್ಟರು. ಡಾಕ್ಟರಮ್ಮ ನನ್ನ ಮಂಚದ ಹತ್ತಿರ ಬಂದು, ಕುಡಿದೆ ಅಂದುಕೊಂಡದ್ದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಆವರೆಗೆ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಆ ದಿನದಿಂದ ಮರ್ಯಾದೆಯಿಂದ ‘ನೀಂಗ’ ಅನ್ನತೊಡಗಿದರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಹೆಂಡತಿಯ ಮೇಲೂ ಇರಲಿಲ್ಲ. ಪಾಪಮ್ಮನಿಗೆ ಮಾತ್ರ ತನ್ನ ಮೇಲೆಯೇ ಸಿಟ್ಟು. "ನಾನೇ ಒದಿಸ್ದೆ ಮಾವ, ನನ್ ಕೈಯಾರ ಒದಿಸ್ದೆ" ಎಂದು ಗೋಡೆಗೆ ಮುಖ ಮಾಡಿ ಅತ್ತಳು. ಚಳಿ ಅಂದವನು ನಾನು, ಪ್ರೀತಿಯಿಂದ ಹೊದಿಸಿದವಳು ನೀನು, ಕಂಡುಹಿಡಿದವಳೂ ನೀನೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಇನ್ನು ಕಂಬಳಿಯನ್ನು ಏನು ಮಾಡುವುದು? ಸುಡಬೇಡಿ, ಹೊಗೆ ಕೆಟ್ಟದ್ದು. ಹಳ್ಳದಲ್ಲಿ ಒಗೆಯಬೇಡಿ, ನೀರು ಕೆಡುತ್ತದೆ. ಇಲ್ಲೇ ಬಿಡಿ, ಆಸ್ಪತ್ರೆಯ ವಿಷದ ಕಸದ ಜೊತೆ ಹೋಗಲಿ ಎಂದರು ಡಾಕ್ಟರಮ್ಮ. ಅವ್ವನಿಗೆ ಫೋನ್ ಮಾಡಿ ಕೇಳಿದೆವು. 

"ನಿಮ್ಮಪ್ಪನ್ ಕಂಬ್ಳಿ ಕಣ್ಲಾ."

"ಊಂ ಅವ್ವ."

"ಅದ್ನ ಕಸುಕ್ಕೆ ಆಕ್ತಾರಾ?"

"ಅದು ಮನೆಗೆ ಬಂದ್ರೆ ಇನ್ನೊಂದು ಕುರಿ ಸಾಯ್ತದೆ ಅವ್ವ."

ಕುರಿಯ ಮಾತು ಬಂದ ಮೇಲೆ ಅವ್ವ ಸೋತಳು. ಆದರೂ ಸುಮ್ಮನೆ ಬಿಟ್ಟುಕೊಡಲಿಲ್ಲ. ಆಸ್ಪತ್ರೆಯವರು ಅದನ್ನು ಒಯ್ಯುವ ಹೊತ್ತು ಯಾವುದು ಎಂದು ಕೇಳಿಕೊಂಡಳು. ಆ ಹೊತ್ತಿಗೆ ಮನೆ ಮುಂದೆ ತೆಂಗಿನಕಾಯಿ ಒಡೆದು, ತಲೆಗೆ ನೀರು ಹಾಕಿಕೊಂಡು, ಆ ದಿನ ಒಲೆ ಹಚ್ಚಲಿಲ್ಲವಂತೆ. ಮನೆಯಲ್ಲಿ ಸಾವಾದಾಗ ಮಾಡುವುದನ್ನೆಲ್ಲ ಕಂಬಳಿಗೂ ಮಾಡಿದಳು. ಇದು ನಮ್ಮಲ್ಲಿ ಇರುವ ಕಟ್ಟಳೆಯೇನಲ್ಲ, ಅವ್ವನೇ ಮಾಡಿಕೊಂಡದ್ದು. ಕೇಳಿದವರು ಯಾರೂ ನಗಲಿಲ್ಲ.

ಕಂಬಳಿ ಹೋದ ಮೇಲೆ ಕಿಡ್ನಿ ನಿಧಾನಕ್ಕೆ ದಾರಿಗೆ ಬಂತು. ಡಯಾಲಿಸಿಸ್ ನಿಂತಿತು. ಹುಣ್ಣು ಒಣಗಿ ತುರಿಸತೊಡಗಿತು. ತುರಿಕೆ ಬಂದರೆ ಒಳ್ಳೆಯದು ಎಂದು ನರ್ಸಮ್ಮ ಹೇಳಿದಾಗ ಆ ತುರಿಕೆಯೂ ಇಷ್ಟವಾಯಿತು. ಊರಲ್ಲಿ ಅವ್ವ ಚುಕ್ಕಿಯ ಬಾಯಿಗೆ ದಿನಾ ರಾಗಿ ಅಂಬಲಿ ಸುರಿಯುತ್ತಿದ್ದಳು. ಫೋನ್ ಮಾಡಿದರೆ, "ಚುಕ್ಕಿ ಇವತ್ತು ಒಂದು ಸೊಂಬು ಕುಡೀತು. ನೀನೆಷ್ಟು ಕುಡ್ದೆ?" ಎಂದು ಕೇಳುತ್ತಿದ್ದಳು. ನನಗಿಂತ ಮೊದಲು ಕುರಿಯೇ ಹುಲ್ಲು ಕಚ್ಚಿತು. ಕುರಿಯ ಎದುರು ಸೋತೆನಲ್ಲ ಎಂದು ನಾನೂ ಆ ದಿನ ಗಂಟಲು ಉರಿದರೂ ಇಡ್ಲಿ ನುಂಗಿದೆ.

ಉಳಿದದ್ದು ಶ್ವಾಸಕೋಶ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಮದ್ದು ಶ್ವಾಸಕೋಶದಲ್ಲಿ ಸ್ವಲ್ಪ ಕಲೆ ಮಾಡಿದೆ. ಆ ಕಲೆ ಇಷ್ಟಕ್ಕೇ ನಿಲ್ಲಬಹುದು, ಬೆಳೆಯಲೂಬಹುದು. ಬೆಳೆದರೆ ಉಸಿರು ದಿನದಿಂದ ದಿನಕ್ಕೆ ಕಿರಿದಾಗುತ್ತದೆ. ಕಾದು ನೋಡಬೇಕು, ಅಷ್ಟೇ. ಈ ಕಾಯುವುದು ಇದೆಯಲ್ಲ, ಅದು ಯಂತ್ರದ ಪಕ್ಕ ಮಲಗುವುದಕ್ಕಿಂತ ಕಷ್ಟ. ಅಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದರು. ಮನೆಯಲ್ಲಿ ನಾನೊಬ್ಬ, ನನ್ನ ಉಸಿರೊಂದು.

ಉಸಿರಿನ ಅಭ್ಯಾಸಕ್ಕೆ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಿದ್ದರು. ಅದರೊಳಗೆ ಮೂರು ಗುಂಡುಗಳು. ಕೊಳವೆ ಕಚ್ಚಿ ಉಸಿರು ಎಳೆದರೆ ಒಂದೊಂದಾಗಿ ಮೇಲೇಳುತ್ತವೆ. ನನ್ನದು ಒಂದು ಗುಂಡು ಎದ್ದು ತೂಗಾಡಿ ಬಿದ್ದುಬಿಡುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಕೂತು ಆ ಗುಂಡನ್ನೇ ನೋಡುತ್ತಿದ್ದರು. ಒಂದು ದಿನ ಅವ್ವ, "ಕೊಡ್ಲಾ ಇಲ್ಲಿ, ಅದೇನು ಅಂಥಾ ಕಷ್ಟ" ಎಂದು ಕಿತ್ತುಕೊಂಡು, ಎಲೆಯಡಿಕೆ ಉಗಿದು ಬಂದು, ಎಳೆದಳು ನೋಡಿ. ಮೂರು ಗುಂಡೂ ಟಕ್ ಎಂದು ಸೂರಿಗೆ ಹತ್ತಿ ಅಲ್ಲೇ ನಿಂತವು. ಕೌಸಲ್ಯ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಕ್ಕು ಕೆಮ್ಮಿದೆ. ನಾನು ಕೆಮ್ಮಿದ ಕೂಡಲೇ ಪಾಪಮ್ಮನ ನಗು ನಿಂತಿತು.

ಅವಳು ಹಾಗಾಗಿದ್ದಳು. ನಾನು ಎದ್ದರೆ "ನಿಧಾನ ಮಾವ", ಕೂತರೆ "ನಿಧಾನ ಮಾವ". ಮೆಟ್ಟಿಲು ಹತ್ತುವಾಗ ಹಿಂದೆಯೇ ನಿಂತು ಕಿವಿಗೊಡುತ್ತಿದ್ದಳು. ಕುರಿಗಳನ್ನು ಅವಳೇ ಹೊಡೆದುಕೊಂಡು ಹೋಗುತ್ತಿದ್ದಳು. ನನಗೆ ಭಯ ಇರಲಿಲ್ಲ ಎಂದಲ್ಲ. ಒಂದೊಂದು ದಿನ ಬಾವಿಯ ತನಕ ನಡೆದು ಅರ್ಧಕ್ಕೇ ಕೂತುಬಿಡುತ್ತಿದ್ದೆ. ಕಲೆ ಬೆಳೆಯುತ್ತಿದೆ, ಇನ್ನು ಮಗಳ ಮದುವೆಯನ್ನು ನೋಡುವವನಲ್ಲ ನಾನು ಅನ್ನಿಸುತ್ತಿತ್ತು. ಮರುದಿನ ಅದೇ ದಾರಿಯಲ್ಲಿ ಬಾವಿ ದಾಟಿ ಹುಣಸೆ ಮರದ ತನಕ ಹೋದರೆ ಇನ್ನೇನು ಗೆದ್ದೆ ಅನ್ನಿಸುತ್ತಿತ್ತು. ಈ ಕಾಯಿಲೆಯವರೇ ಆಗಲಿ, ಬೇರೆ ಯಾವುದರವರೇ ಆಗಲಿ, ನಿಮಗೂ ಹೀಗೆ ದಿನಕ್ಕೊಂದು ಮನಸ್ಸಾಗುತ್ತಿದ್ದರೆ ಗಾಬರಿಯಾಗಬೇಡಿ. ಎಲ್ಲರಿಗೂ ಹಾಗೇ ಆಗುತ್ತದೆ. ಎರಡನೆಯ ಗುಂಡು ಒಂದು ದಿನ ತಾನಾಗಿ ಎದ್ದಿತು. ಮೂರನೆಯದು ಇವತ್ತಿಗೂ ಪೂರ್ತಿ ಎದ್ದಿಲ್ಲ. ಎರಡರಲ್ಲೇ ಸಂಸಾರ ನಡೆಯುತ್ತದೆ.

ಇನ್ನೊಂದು ಮಾತು. ಮದ್ದು ಹೊಡೆದ ಮೇಲೆ ಮೈ ಕೆಂಪಾದರೆ ಮೊದಲು ಸೋಪು ನೀರಲ್ಲಿ ತೊಳೆದುಕೊಳ್ಳಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಡಿ. ಬೆನ್ನಿಗೆ, ತಲೆಗೆ, ಹೆಗಲಿಗೆ ಏನೇನು ತಾಗಿತ್ತೋ ಎಲ್ಲ ಹೇಳಿ. ಬಟ್ಟೆ ಅಲ್ಲ ಅಂದುಕೊಂಡದ್ದನ್ನೂ ಹೇಳಿ.

ಕೊನೆಯ ಸಲ ಸ್ಕ್ಯಾನ್ ನೋಡಿಸಲು ನಾನು ಪಾಪಮ್ಮ ಇಬ್ಬರೇ ಸೇಲಮಿಗೆ ಹೋದೆವು. ಕಾಯುವ ಬೆಂಚಿನಲ್ಲಿ ನಮ್ಮ ನಂ‌ಬರು ಕೂಗುವ ತನಕ ಅವಳು ಸೀರೆಯ ಸೆರಗನ್ನು ಸುರುಳಿ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಡಾಕ್ಟರಮ್ಮ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಲೆ ಇದೆ. ಆದರೆ ಬೆಳೆದಿಲ್ಲ. ಇನ್ನು ಬೆಳೆಯುವಂತೆಯೂ ಕಾಣುವುದಿಲ್ಲ. ಬಯಪ್ಪಡಾದೀಂಗ" ಅಂದರು. ಹೆದರಬೇಡಿ ಎಂದು. ಪಾಪಮ್ಮ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಹೊರಗೆ ಬಂದ ಮೇಲೂ ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಚಿತ್ರದಲ್ಲಿರುವುದು ಡಾಕ್ಟರಿಗೆ ಗೊತ್ತಾಗುತ್ತದೆ, ನಮಗೇನು ಗೊತ್ತಾಗುತ್ತದೆ ಎಂದು ಗೊಣಗುತ್ತಾ ಬಂದಳು. ರಸ್ತೆ ದಾಟಲು ನನ್ನ ತೋಳು ಹಿಡಿದುಕೊಂಡಳು, "ನಿಧಾನ ಮಾವ" ಅಂದಳು.

ಬಸ್‌ಸ್ಟ್ಯಾಂಡಿನಲ್ಲಿ ಜಾತ್ರೆಯಷ್ಟು ಜನ. ಹಬ್ಬದ ಹಿಂದಿನ ದಿನ ಇರಬೇಕು. ನಂಗವಳ್ಳಿ ದಾರಿಯ ಮೆಟ್ಟೂರು ಬಸ್ಸು ಒಳಗೆ ಬಂದು ತಿರುಗಿಕೊಳ್ಳುವಷ್ಟರಲ್ಲೇ ಜನ ಅದರ ಹಿಂದೆ ಓಡತೊಡಗಿದರು. ಈ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ನನ್ನ ಪಕ್ಕದಲ್ಲಿದ್ದ ಪಾಪಮ್ಮ ಸೆರಗು ಬಿಗಿದುಕೊಂಡು, ಅಷ್ಟು ತಿಂಗಳು ಕೇಳದ ದನಿಯಲ್ಲಿ ಕಿರುಚಿದಳು:

"ನಿಂತ್ಕಂಡು ಏನ್ ನೋಡ್ತೀಯಾ ಮಾವ, ಓಡು! ಕಿಟಕಿಲಿ ಟವಲ್ ಆಕು!"

ನಾನು ಓಡಿದೆ. ಬಸ್ಸು ಇನ್ನೂ ಉರುಳುತ್ತಿತ್ತು. ಅದರ ಪಕ್ಕದಲ್ಲೇ ಜನರನ್ನು ತಳ್ಳಿಕೊಂಡು ಓಡಿ, ಎಗರಿ, ಹೆಗಲ ಮೇಲಿನ ಟವಲನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದೆ. ಮತ್ತೆ ಬಾಗಿಲಿನಲ್ಲಿ ನುಗ್ಗಿ ಹತ್ತಿ ಹೋಗಿ ಇಬ್ಬರ ಸೀಟಿನಲ್ಲಿ ಕೂತೆ. ಪಾಪಮ್ಮ ಬುಟ್ಟಿ ಎಳೆದುಕೊಂಡು ಬಂದು ಪಕ್ಕದಲ್ಲಿ ಧೊಪ್ಪೆಂದು ಕುಸಿದಳು. ಸೀಟು ಸಿಕ್ಕ ಖುಷಿಯಲ್ಲಿ ನನ್ನ ಕಡೆ ತಿರುಗಿದಳು. ತಾನು ಯಾರನ್ನು ಓಡಿಸಿದೆ ಎಂದು ಆಗ ಹೊಳೆಯಿತು. ಮುಖ ಬಿಳುಚಿಕೊಂಡು ಹೋಯಿತು. ಬಸ್ಸಿನ ತುಂಬ ಜನ ನೋಡುತ್ತಿದ್ದರೂ ಲೆಕ್ಕಿಸದೆ ನನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ಎದುಸಿರು ಬಿಡ್ತಾ ಇದ್ದೀಯಲ್ಲ ಮಾವ!"

"ನೀನೂ ಬಿಡ್ತಾ ಇದ್ದೀಯ."

ಅವಳು ಕೈ ತೆಗೆಯಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಅವಳ ಕೈಯ ಕೆಳಗೆ ನನ್ನ ಎದೆ ಏರುತ್ತಾ ಇಳಿಯುತ್ತಾ, ಸ್ವಲ್ಪ ಸ್ವಲ್ಪವಾಗಿ ತಣ್ಣಗಾಯಿತು. ಓಡಿ ಬಂದು ಕೂತವರು ಆ ಬಸ್ಸಿನಲ್ಲಿ ಬೇಕಾದಷ್ಟು ಜನ ಇದ್ದರು, ಎಲ್ಲರದೂ ಹಾಗೇ ತಣ್ಣಗಾಗುತ್ತಿತ್ತು. ನನ್ನ ಉಸಿರು ಅವಳ ಉಸಿರಿಗಿಂತ ಮೊದಲೇ ಸಮಕ್ಕೆ ಬಂತು. ಅದು ಅವಳಿಗೂ ಗೊತ್ತಾಯಿತು. ಕೈ ತೆಗೆದು, ಕಣ್ಣೊರೆಸಿಕೊಂಡು, "ಆ ಕಡೆ ಸರ್ಕೋ, ನಂಗೆ ಗಾಳಿ ಬೇಕು" ಎಂದು ನನ್ನನ್ನು ಎಬ್ಬಿಸಿ ಕಿಟಕಿಯ ಪಕ್ಕ ತಾನು ಕೂತಳು.